ಬಿಟ್ಟು ಹೋದ ಮಡಿಲಕ್ಕಿ

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಕೆಂಪು ಪೆನ್ನು ಹಿಡಿದೇ ಇದನ್ನು ಓದುತ್ತಾರೆ, ಸಾಲಿಗೊಂದು ಗೆರೆ ಎಳೆಯುತ್ತಾರೆ, ಕೊನೆಯಲ್ಲಿ ನೂರಕ್ಕೆ ಐವತ್ತೆಂಟು ಎಂದು ಬರೆದು ಸುತ್ತ ಸೊನ್ನೆ ಸುತ್ತುತ್ತಾರೆ. ಆ ಭಯ ನನಗೆ ಇನ್ನೂ ಹೋಗಿಲ್ಲ. ಹೈಸ್ಕೂಲಿನಲ್ಲಿ ಅವರ ಹತ್ತಿರ ಲೆಕ್ಕ ಕಲಿತೆ. ಆಮೇಲೆ ಅದೇ ಶಾಲೆಗೆ ಸಮಾಜದ ಪಾಠ ಮಾಡಲು ಸೇರಿ, ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತೆ. ಸಾಲದ್ದಕ್ಕೆ ನಮ್ಮ ಮನೆಯ ಪಕ್ಕದ್ದೇ ಅವರ ಮನೆ. ಮಲ್ಲೇಶ್ವರದಲ್ಲಿ ಮಿಸ್‌ಗಳಿಗೇನೂ ಬರವಿಲ್ಲ, ಆದರೆ ನಮ್ಮ ರಸ್ತೆಯಲ್ಲಿ ಬರೀ ಮಿಸ್ ಎಂದರೆ ಅವರೊಬ್ಬರೇ.

ಅವರು ಎಲ್ಲದಕ್ಕೂ ಮಾರ್ಕ್ಸ್ ಕೊಡುತ್ತಿದ್ದರು. ಮಾರ್ಕೆಟ್ಟಿನಲ್ಲಿ ಹುರುಳಿಕಾಯಿ ಮುರಿದು ನೋಡಿ, ತಮ್ಮಷ್ಟಕ್ಕೆ ತಾವೇ "ನಲವತ್ತು" ಎನ್ನುತ್ತಿದ್ದರು. ಹೊಸದಾಗಿ ಬಂದ ಅಂಗಡಿಯವನೊಬ್ಬ "ಅಕ್ಕಾ, ನಾನೇ ಮೂವತ್ತಕ್ಕೆ ಕೊಡ್ತಿದೀನಲ್ಲ" ಎಂದು ಕಕ್ಕಾಬಿಕ್ಕಿಯಾಗಿದ್ದ. ನನ್ನ ಮದುವೆಯ ಊಟಕ್ಕೆ ಎಂಬತ್ತೆರಡು ಬಂತು. ನನ್ನ ಗಂಡನನ್ನು ಪರಿಚಯಿಸಿದಾಗ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ಅರವತ್ತೈದು. ಇಂಪ್ರೂವ್ ಆಗ್ತಾನೆ ಬಿಡು" ಎಂದರು. ಅವನಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ.

ನೂರಕ್ಕೆ ನೂರು ಮಾತ್ರ ಯಾರಿಗೂ ಕೊಟ್ಟವರಲ್ಲ. ಪೂರ್ತಿ ಸರಿ ಬರೆದ ಹುಡುಗಿಗೂ ತೊಂಬತ್ತೊಂಬತ್ತೇ. ಯಾಕೆ ಮಿಸ್ ಎಂದು ಕೇಳಿದರೆ, "ಒಂದು ಮಾರ್ಕು ಕೈಯಲ್ಲಿ ಇಟ್ಕೋಬೇಕು ಕಣೇ. ಇಲ್ದಿದ್ರೆ ನಾಳೆ ಕ್ಲಾಸಿಗೆ ಯಾಕ್ ಬರ್ತೀಯ?" ಎನ್ನುತ್ತಿದ್ದರು. ಉತ್ತರ ಸರಿಯಿದ್ದರೂ ಅವರಿಗೆ ತೃಪ್ತಿಯಿರಲಿಲ್ಲ. "ಉತ್ತರ ಆಮೇಲೆ. ಇಲ್ಲಿಂದ ಇಲ್ಲಿಗೆ ಹೆಂಗ್ ಬಂದೆ, ಅದನ್ನ ಹೇಳು" ಎಂದು ತೋರುಬೆರಳಿನಿಂದ ಗಾಳಿಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಎಳೆಯುತ್ತಿದ್ದರು. ಫೋನಿನಲ್ಲಿ ಮಾತಾಡುವಾಗಲೂ ಆ ಬೆರಳು ಸುಮ್ಮನಿರುತ್ತಿರಲಿಲ್ಲ.

ಅವರ ಯಜಮಾನರು ಜಪಾನಿನವರು. ಇದನ್ನು ಮೊದಲೇ ಹೇಳಬೇಕಿತ್ತೇನೋ, ಆದರೆ ನಮ್ಮ ರಸ್ತೆಗೆ ಅದೊಂದು ವಿಶೇಷವಾಗಿ ಉಳಿದಿರಲಿಲ್ಲ. ರೇಷ್ಮೆ ಹುಳು ಸಾಕುವ ಹೊಸ ರೀತಿಗಳನ್ನು ತೋರಿಸಿಕೊಡಲು ಹಿಂದೆ ಯಾವಾಗಲೋ ಬಂದ ತಂಡದಲ್ಲಿ ಅವರೂ ಒಬ್ಬರು. ಮಿಸ್ ಅವರ ತಂದೆಗೆ ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆಯ ಅಂಗಡಿ. ಒಂದು ದಿನ ಈ ಮನುಷ್ಯ ಅಂಗಡಿಗೆ ಬಂದು, ಭೂತಗನ್ನಡಿ ಹಿಡಿದು ಒಂದೇ ಸೀರೆಯ ಅಂಚನ್ನು ಮಧ್ಯಾಹ್ನದ ತನಕ ನೋಡಿದರಂತೆ. ಕೊಳ್ಳಲಿಲ್ಲ. ಎದ್ದೂ ಹೋಗಲಿಲ್ಲ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ಆ ಮನೆತನದಲ್ಲಿಲ್ಲ. ಹಣೆಗೆ ವಿಭೂತಿ ಹಚ್ಚಿದ ಆ ತಂದೆ, ಅಂಗಡಿಯ ಬಾಗಿಲು ಅರ್ಧ ಎಳೆದು, ಜಪಾನಿನವರನ್ನು ಮಲ್ಲೇಶ್ವರದ ಇದೇ ಮನೆಗೆ ಊಟಕ್ಕೆ ಕರೆತಂದರು. "ಹಂಗೆ ಊಟಕ್ಕೆ ಬಂದೋರು ವಾಪಸ್ ಹೋಗ್ಲೇ ಇಲ್ಲ ನೋಡು" ಎಂದು ಮಿಸ್ ಗಂಡನ ತಟ್ಟೆಗೆ ಹುಳಿ ಬಡಿಸುತ್ತಾ ಅವರ ಎದುರಿಗೇ ಹೇಳುತ್ತಿದ್ದರು. ಅವರು ತಲೆ ಬಾಗಿಸಿ ನಗುತ್ತಿದ್ದರು.

ಮದುವೆಗೆ ತಂದೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಮಗಳು ರಿಟೈರ್ ಆಗುವವರೆಗೂ ಬೆಂಗಳೂರು ಬಿಡಬಾರದು. "ಆಮೇಲೆ?" ಎಂದು ಜಪಾನಿನ ಹುಡುಗ ಕೇಳಿದನಂತೆ. ಆಗಿನ್ನೂ ಮಿಸ್ ಕೆಲಸಕ್ಕೆ ಸೇರಿದ್ದಷ್ಟೇ, ರಿಟೈರ್‌ಮೆಂಟ್ ಎಂದರೆ ಮುಂದಿನ ಜನ್ಮದ ಮಾತು. ತಂದೆ ಗಟ್ಟಿಯಾಗಿ ನಕ್ಕು, "ಆಮೇಲೆ ನಿಮ್ಮೂರಿಗೆ ಕರ್ಕೊಂಡು ಹೋಗಿ ಸ್ವಾಮಿ, ಯಾರು ಬೇಡ ಅಂದ್ರು" ಎಂದರಂತೆ. ಮಗಳೂ ಹೂಂ ಎಂದರು. ನಗುವಿನಲ್ಲಿ ಆಡಿದ ಮಾತು ಮನೆಯವರಿಗೆಲ್ಲ ಮರೆತುಹೋಯಿತು, ಗಂಡಹೆಂಡತಿ ಇಬ್ಬರನ್ನು ಬಿಟ್ಟು.

ರಸ್ತೆಯ ಮಕ್ಕಳಿಗೆ ಅವರು ಜಪಾನ್ ಮಾಮ. ಎಲ್ಲರನ್ನೂ ನೀವು ಎಂದೇ ಮಾತಾಡಿಸುತ್ತಿದ್ದರು. ಹೆಂಡತಿಗೆ ನೀವು, ಹಾಲಿನ ಹುಡುಗನಿಗೆ ನೀವು, ಗೇಟಿನ ಹತ್ತಿರ ಮಲಗುವ ಬೀದಿನಾಯಿಗೂ "ಸ್ವಲ್ಪ ಜರುಗಿ". ಬೆಳಿಗ್ಗೆ ಎದ್ದು ತಮ್ಮ ಮನೆಯ ಮುಂದೆ ಗುಡಿಸುವವರು ಅಲ್ಲಿಗೇ ನಿಲ್ಲಿಸದೆ ನಮ್ಮ ಗೇಟಿನ ತನಕ ಗುಡಿಸಿಬಿಡುತ್ತಿದ್ದರು. ನಮ್ಮಮ್ಮನಿಗೆ ಇದು ದೊಡ್ಡ ಅವಮಾನ. ಅವರಿಗಿಂತ ಮೊದಲು ಎದ್ದು ಪೊರಕೆ ಹಿಡಿಯಬೇಕೆಂದು ಅಮ್ಮ ಅಲಾರಂ ಇಟ್ಟುಕೊಂಡರೂ ಒಂದು ದಿನವೂ ಗೆಲ್ಲಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಟ್ಯೂಷನ್ನಿನ ಮಕ್ಕಳ ಗಲಾಟೆ ಮಾತ್ರ ಯಾವತ್ತೂ ನಿಂತದ್ದಿಲ್ಲ.

ಮಿಸ್ ರಿಟೈರಾದ ದಿನ ಶಾಲೆಯಲ್ಲಿ ಸಮಾರಂಭ. ಜಪಾನ್ ಮಾಮ ಕೊನೆಯ ಸಾಲಿನಲ್ಲಿ ಕೂತಿದ್ದರು. ಒಂದೆರಡು ಮಾತಾಡಿ ಎಂದು ವೇದಿಕೆಗೆ ಎಳೆದಾಗ ಮೈಕಿಗೂ ಒಮ್ಮೆ ಬಾಗಿ, "ಇವರು ತುಂಬಾ ಕೆಲಸ ಮಾಡಿದ್ದಾರೆ. ಸುಸ್ತಾಗಿದ್ದಾರೆ. ಎಲ್ಲರಿಗೂ ಥ್ಯಾಂಕ್ಸ್" ಎಂದು ಇಳಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಿಸ್ ಮಾತ್ರ ತಟ್ಟದೆ ಗಂಡನ ಮುಖವನ್ನೇ ನೋಡುತ್ತಿದ್ದರು.

ಒಂದು ತಿಂಗಳಾದ ಮೇಲೆ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಹೊರಟಿದೀವಿ ಕಣೇ" ಎಂದರು. ಅವರ ಅತ್ತೆಗೆ ತೊಂಬತ್ತು ದಾಟಿದೆ, ಬೆಟ್ಟಗಳ ನಡುವಿನ ಸಣ್ಣ ಊರಿನಲ್ಲಿ ಒಬ್ಬರೇ ಇದ್ದಾರೆ ಎಂಬುದೆಲ್ಲ ನನಗೂ ಗೊತ್ತಿತ್ತು. ಮಿಸ್ ಬೇಸಿಗೆ ರಜೆಯಲ್ಲಿ ಒಂದೆರಡು ಸಲ ಹೋಗಿಬಂದದ್ದೂ ಉಂಟು. ಆದರೆ ನೆಂಟರಾಗಿ ಹೋಗುವುದು ಬೇರೆ, ಸೊಸೆಯಾಗಿ ಇರಲು ಹೋಗುವುದು ಬೇರೆ. ಅದೂ ಅರವತ್ತು ವರ್ಷಕ್ಕೆ.

"ಅವರು ಹೋಗೋಣ ಅಂದ್ರಾ ಮಿಸ್?" ಎಂದೆ.

"ಅಂದಿದ್ರೆ ಜಗಳ ಆಡ್ಬೋದಿತ್ತಲ್ಲ. ಒಂದು ಮಾತು ಅನ್ಲಿಲ್ಲ. ಮೂವತ್ತು ವರ್ಷದಲ್ಲಿ ಒಂದ್ಸಲಾನೂ ಅನ್ಲಿಲ್ಲ. ಅದಕ್ಕೇ ಹೊರಡ್ಬೇಕಾಗಿದೆ." ಆಮೇಲೆ ದನಿ ತಗ್ಗಿಸಿ, "ಒಂದು ವರ್ಷ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬಂದ್ಬಿಡ್ತೀನಿ. ಮನೆ ಹಿಂಗೇ ಇರ್ಲಿ, ಬಾಡಿಗೆಗೆ ಗೀಡಿಗೆಗೆ ಕೊಡೋದು ಬೇಡ. ಕೀ ನಿನ್ನ ಹತ್ರ ಇರುತ್ತೆ" ಎಂದರು. ಬೆರಳು ಗಾಳಿಯಲ್ಲಿ ಯಾವ ಮೆಟ್ಟಿಲನ್ನೂ ಬರೆಯಲಿಲ್ಲ.

ನಮ್ಮಮ್ಮ ಈ ಸುದ್ದಿಯನ್ನು ಬೇರೆಯದೇ ರೀತಿಯಲ್ಲಿ ತಗೊಂಡರು. ಹುಡುಗಿ ಅತ್ತೆಮನೆಗೆ ಹೊರಟಿದ್ದಾಳೆ, ಹೆತ್ತವರಿಲ್ಲ, ಮಡಿಲು ತುಂಬಿ ಕಳಿಸಬೇಡವೇ? ಹೊರಡುವ ದಿನ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಅರಿಶಿನದ ಕೊನೆ, ಎಲೆ ಅಡಿಕೆ, ಹಸಿರು ರವಿಕೆ ಕಣ ಎಲ್ಲವನ್ನೂ ಜೋಡಿಸಿಕೊಂಡು ಅವರ ಮನೆಗೇ ಹೋದರು.

"ಅಮ್ಮಾ, ಅರವತ್ತು ವರ್ಷದವಳಿಗೆ ಮಡಿಲಕ್ಕಿನಾ? ನೋಡಿದೋರು ನಗ್ತಾರೆ" ಎಂದರು ಮಿಸ್.

"ನಗ್ಲಿ. ಗಂಡನ್ನ ಮೂವತ್ತು ವರ್ಷ ತವರಲ್ಲಿ ಇಟ್ಕೊಂಡಿದ್ದೆ, ಆಗ ಯಾರಾದ್ರೂ ನಕ್ರಾ? ಸೆರಗು ಹಿಡಿ."

ಮಿಸ್ ಸೆರಗು ಹಿಡಿದರು. ಅಮ್ಮ ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದರು. ತವರು ತುಂಬಿರಲಿ ಎಂದು ಹೊರಡುವ ಹೆಣ್ಣು ಅದರಲ್ಲಿ ಒಂದು ಹಿಡಿಯನ್ನು ಮೊರಕ್ಕೆ ವಾಪಸ್ ಹಾಕಬೇಕು. ಉಳಿದದ್ದನ್ನು ಅತ್ತೆಮನೆಗೆ ಒಯ್ದು ಸಿಹಿ ಬೇಯಿಸಿ ಎಲ್ಲರಿಗೂ ಬಡಿಸಿದರೆ ಅವಳು ಆ ಮನೆಯವಳಾದ ಹಾಗೆ. ಮಿಸ್ ಒಂದು ಹಿಡಿ ವಾಪಸ್ ಹಾಕಿದರು, ಅಮ್ಮನ ಕಾಲಿಗೆ ನಮಸ್ಕಾರ ಮಾಡಿದರು. ಜಪಾನ್ ಮಾಮನೂ ಮಾಡಿದರು. ಅಷ್ಟರಲ್ಲಿ ಟ್ಯಾಕ್ಸಿ ಬಂತು. ಇದೇ ಬಂದೆ ಎಂದು ಮಿಸ್ ಒಬ್ಬರೇ ಒಳಗೆ ಹೋಗಿ, ಸೆರಗು ಸರಿಮಾಡಿಕೊಂಡು ಬಂದು, ನನ್ನ ಕೈಗೆ ಕೀ ಹಾಕಿದರು.

ಮುಂದಿನ ಭಾನುವಾರ ಕಿಟಕಿ ತೆಗೆದು ಗಾಳಿಯಾಡಿಸಿ ಬರೋಣವೆಂದು ಹೋದೆ. ಅಡುಗೆಕಟ್ಟೆಯ ಮೇಲೆ ಹಸಿರು ರವಿಕೆ ಕಣದ ಗಂಟು. ಬಿಚ್ಚಿ ನೋಡಿದರೆ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನ ಎಲ್ಲವೂ ಇದ್ದವು. ಎಲೆ ಮಾತ್ರ ಬಾಡಿತ್ತು. ಜಪಾನಿಗೆ ಅಕ್ಕಿ ಒಯ್ಯಲು ಬಿಡುವುದಿಲ್ಲ, ಸರಿ. ಅರಿಶಿನದ ಕೊನೆಗೇನು ಬಂದಿತ್ತು? ಆ ರವಿಕೆ ಕಣ ಪರ್ಸಿನಲ್ಲೇ ಹಿಡಿಸುತ್ತಿತ್ತಲ್ಲ. ಮರೆತು ಬಿಟ್ಟದ್ದಾದರೆ ಇಷ್ಟು ಬಿಗಿಯಾಗಿ ಯಾರಾದರೂ ಗಂಟು ಹಾಕುತ್ತಾರೆಯೇ?

ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ದೇವರ ಮುಂದೆ ಕೂತವರು ಏಳುತ್ತಿರಲಿಲ್ಲ. ಅಕ್ಕಿಯನ್ನು ಸ್ಟೀಲ್ ಡಬ್ಬಕ್ಕೆ ಸುರಿದು, ಹುಳು ಬೀಳದಿರಲೆಂದು ಬೇವಿನೆಲೆ ಹಾಕಿ ಮುಚ್ಚಿಟ್ಟೆ. ಆಗಾಗ ಹೋಗಿ ಎಲೆ ಬದಲಾಯಿಸಿದೆ. ಅವರು ವಾಪಸ್ ಬಂದುಬಿಟ್ಟರೆ ನನಗೇನು ನಷ್ಟ, ಪಕ್ಕದ ಮನೆಯಲ್ಲಿ ಮತ್ತೆ ಮಿಸ್ ಇರುತ್ತಾರೆ ಎಂದು ಎಷ್ಟೋ ಸಲ ಅಂದುಕೊಂಡೆ. ಆದರೆ ಹಾಗೆ ಬಂದರೆ ಮೂವತ್ತು ವರ್ಷ ಬಾಯಿ ಬಿಡದೆ ಕಾದ ಆ ಮನುಷ್ಯನ ಮುಖವನ್ನು ಹೇಗೆ ನೋಡುವುದು? ಮಿಸ್ ತಾನೇ ಹೇಗೆ ನೋಡುತ್ತಾರೆ? ಡಬ್ಬದ ಮುಚ್ಚಳ ತೆಗೆದಾಗಲೆಲ್ಲ ನನಗೆ ಇದೇ ಯೋಚನೆ.

ವಿಡಿಯೋ ಕಾಲಿನಲ್ಲಿ ಅವರ ಮುಖ ಬರಬರುತ್ತಾ ಸಣ್ಣದಾಗುತ್ತಿತ್ತು. "ಸದ್ದೇ ಇಲ್ಲ ಕಣೇ ಇಲ್ಲಿ. ಯಾರೂ ಬಾಗಿಲು ತಟ್ಟಲ್ಲ. ತರಕಾರಿ ಮುರಿದು ನೋಡೋಹಂಗಿಲ್ಲ, ಎಲ್ಲಾ ಪ್ಯಾಕೆಟ್ನಲ್ಲಿ ಕೂತಿರುತ್ತೆ" ಎನ್ನುತ್ತಿದ್ದರು. ಅತ್ತೆ ಅಡುಗೆಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಗೂನು ಬೆನ್ನಿನ ಆ ಮುದುಕಿ ಎಲ್ಲವನ್ನೂ ತಾವೇ ಮಾಡುವುದು, ಮಿಸ್ ನೆಂಟರ ಹಾಗೆ ಕೂತು ಊಟ ಮಾಡುವುದು. ಅಲ್ಲಿ ಸಾರಿಗೂ ಮೀನಿನ ನೀರು ಹಾಕುತ್ತಾರಂತೆ. ಮಾಂಸ ಮೀನು ಮುಟ್ಟದ ಮಿಸ್ ಮೊದಮೊದಲು ಬರೀ ಅನ್ನ ಉಪ್ಪಿನಕಾಯಿಯಲ್ಲೇ ದಿನ ನೂಕಿದರು. "ಊರಿಗೆ ಎಷ್ಟು ಮಾರ್ಕ್ಸ್ ಮಿಸ್?" ಎಂದು ನಗಿಸಲು ಕೇಳಿದೆ. "ಪೇಪರ್ ಇನ್ನೂ ನೋಡಿಲ್ಲ" ಎಂದರು. ಮಾರ್ಕ್ಸ್ ಕೊಡದ ಮಿಸ್ಸನ್ನು ನಾನು ನೋಡಿಯೇ ಇರಲಿಲ್ಲ. ಅವತ್ತು ಫೋನಿಟ್ಟ ಮೇಲೆ ಅತ್ತುಬಿಟ್ಟೆ.

ಆಮೇಲೆ ಕಾಲ್‌ಗಳೂ ಕಮ್ಮಿಯಾದವು. ಜನವರಿಯಲ್ಲಿ ಇದ್ದಕ್ಕಿದ್ದಂತೆ, "ಸಂಕ್ರಾಂತಿಗೆ ಬರ್ತಿದೀನಿ. ಒಬ್ಬಳೇ. ಮನೆ ಸ್ವಲ್ಪ ಗುಡಿಸಿಡ್ತೀಯಾ?" ಎಂದು ಮೆಸೇಜು ಬಂತು. ಅಷ್ಟೇ. ಒಬ್ಬಳೇ ಎಂಬುದನ್ನು ನಾನು ಎಷ್ಟು ಸಲ ಓದಿದೆನೋ. ಮುಗಿಯಿತು, ಬಿಟ್ಟು ಬರುತ್ತಿದ್ದಾರೆ ಎಂದುಕೊಂಡು ಮನೆ ತೊಳೆದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಹಾಲು ಕಾಫಿಪುಡಿ ತಂದಿಟ್ಟೆ. ಅಮ್ಮ "ಗಂಡ ಯಾಕೆ ಬರ್ಲಿಲ್ವಂತೆ?" ಎಂದು ಕೇಳಿದರೆ ಏನು ಹೇಳುವುದೆಂದು ಯೋಚಿಸುತ್ತಾ ಕಿಟಕಿಗಳನ್ನೆಲ್ಲ ಒರೆಸಿದೆ.

ಮಿಸ್ ಬಂದರು. ಸ್ವಲ್ಪ ಸೊರಗಿದ್ದರು, ಬಣ್ಣ ತಿಳಿಯಾಗಿತ್ತು. ಚಪ್ಪಲಿಯನ್ನು ಬಾಗಿಲ ಹೊರಗೆ ಮೂತಿ ರಸ್ತೆಯ ಕಡೆಗೆ ಮಾಡಿ ಜೋಡಿಸಿಟ್ಟು ಒಳಗೆ ಬಂದು, ನೇರ ಅಡುಗೆಮನೆಗೆ ಹೋಗಿ ಕಟ್ಟೆಯನ್ನು ನೋಡಿದರು. "ಇಲ್ಲೊಂದು ಗಂಟಿತ್ತಲ್ಲ?"

ನಾನು ಡಬ್ಬ ತೆಗೆದು ಮುಂದಿಟ್ಟೆ. ಕಣ, ಕೊಬ್ಬರಿ, ಬೆಲ್ಲವನ್ನೂ ಇಟ್ಟೆ. ಅವರು ಒಂದು ಚಿಟಿಕೆ ಅಕ್ಕಿ ಅಂಗೈಗೆ ಹಾಕಿಕೊಂಡು, ಹುಳುವಿಲ್ಲದ್ದನ್ನು ನೋಡಿ, ಅಲ್ಲೇ ಮಣೆಯ ಮೇಲೆ ಕೂತರು.

"ನಾನು ಬೇಕಂತಲೇ ಬಿಟ್ಟು ಹೋಗಿದ್ದೆ" ಎಂದರು. "ಅಲ್ಲಿಗೆ ತಗೊಂಡು ಹೋಗಿಬಿಟ್ರೆ ಅಲ್ಲಿಯವಳಾಗಿಬಿಡ್ತೀನೇನೋ ಅಂತ ಭಯ ಆಯ್ತು ಕಣೇ. ಲೆಕ್ಕದ ಮೇಡಂ ಆಡೋ ಮಾತಾ ಇದು?"

"ಈಗ?" ಎಂದೆ.

ಅವರು ಬೆರಳೆತ್ತಿ ಗಾಳಿಯಲ್ಲಿ ಗೆರೆ ಎಳೆಯಲು ಶುರು ಮಾಡಿದರು. ಅದನ್ನು ನೋಡಿಯೇ ನನಗೆ ಅರ್ಧ ಜೀವ ಬಂತು. ಮೆಟ್ಟಿಲು ಮೆಟ್ಟಿಲಾಗಿ ಹೇಳಿದರು. ಮಿಸ್ ಬರೀ ಅನ್ನ ಉಣ್ಣುವುದನ್ನು ಅತ್ತೆ ಗಮನಿಸಿದ್ದಾರೆ. ಬಾಯಲ್ಲಿ ಏನೂ ಹೇಳದೆ ಒಂದು ದಿನದಿಂದ ಇಡೀ ಮನೆಯ ಸಾರನ್ನೇ ಮೀನು ಬಿಟ್ಟು, ಅಣಬೆ ಮತ್ತು ಸಮುದ್ರದ ಪಾಚಿಯಲ್ಲಿ ಕುದಿಸತೊಡಗಿದ್ದಾರೆ. ಆಮೇಲೆ ಹೊಸ ಅಕ್ಕಿ ಬಂದ ಕಾಲಕ್ಕೆ, ಊಟಕ್ಕೆ ಕೂತಾಗ, ಅನ್ನ ಬಡಿಸುವ ಮರದ ಸಟ್ಟುಗವನ್ನು ಮಿಸ್ ಅವರ ಬಲಗಡೆ ಇಟ್ಟಿದ್ದಾರೆ. ಮಿಸ್ ಎಲ್ಲರಿಗೂ ಬಡಿಸಿ, ಊಟವಾದ ಮೇಲೆ ಸಟ್ಟುಗವನ್ನು ತೊಳೆದು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ವಾಪಸ್ ಕೊಟ್ಟಿದ್ದಾರೆ. ಹಿರಿಯರ ವಸ್ತು, ಹಿರಿಯರಿಗೇ ಸೇರಬೇಕಲ್ಲ. ಮಾರನೆಯ ದಿನ ಮತ್ತೆ ಅದೇ. ಅತ್ತೆ ಇಡುವುದು, ಸೊಸೆ ತೊಳೆದು ತಗ್ಗಿಬಗ್ಗಿ ವಾಪಸ್ ಕೊಡುವುದು. ದಿನದಿನಕ್ಕೆ ಮುದುಕಿಯ ಮುಖ ಇಳಿಯುತ್ತಾ ಹೋಯಿತು. ಮಿಸ್ ಇನ್ನಷ್ಟು ಬಾಗಿ ಕೊಡತೊಡಗಿದರು.

"ಆಮೇಲೆ ಒಂದು ದಿನ ಇವರು ನನ್ನ ಕೈ ಹಿಡ್ಕೊಂಡು, ವಾಪಸ್ ಕೊಡಬೇಡಿ ಅಂದ್ರು. ಮದುವೆಯಾದಾಗಿಂದ ಇವರು ನಂಗೆ ಬೇಡ ಅಂದಿದ್ದು ಅದೊಂದೇ ಕಣೇ. ಅವರ ಕಡೆ ಹಳೇ ಪದ್ಧತಿಯಂತೆ. ಅತ್ತೆ ಸಟ್ಟುಗ ಕೊಟ್ರೆ ಮನೇನೇ ಕೊಟ್ಟಂಗೆ. ಎಷ್ಟೋ ಮನೇಲಿ ಸಾಯೋತನಕ ಕೊಡಲ್ವಂತೆ. ಆಯಮ್ಮ ದಿನಾ ಮನೆ ಕೊಡ್ತಾ ಇದೆ, ನಾನು ದಿನಾ ತೊಳೆದು ತೊಳೆದು ಬೇಡ ಅಂತಿದೀನಿ."

ಇಬ್ಬರೂ ನಕ್ಕೆವು. ನಗುತ್ತಲೇ ಅವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು.

"ಹಾಗಾದ್ರೆ ಯಾಕೆ ಒಬ್ಬರೇ ಬಂದ್ರಿ?"

"ಆ ವಯಸ್ಸಾದೋರನ್ನ ಹಿಮದಲ್ಲಿ ಒಬ್ಬರನ್ನೇ ಬಿಟ್ಟು ಇಬ್ರೂ ಬರಕ್ಕಾಗುತ್ತಾ? ಇವರು ನೋಡ್ಕೋತಿದಾರೆ. ಈ ಅಕ್ಕಿ ಇಲ್ಲಿ ಹಂಗೇ ಬಿಟ್ಟಿದ್ನಲ್ಲ, ನಂಗೆ ಅಲ್ಲಿ ಸರಿಯಾಗಿ ಬಡಿಸೋಕೇ ಕೈ ಬರ್ತಿರ್ಲಿಲ್ಲ. ಅಲ್ಲಿಗೆ ಅಕ್ಕಿ ತಗೊಂಡು ಹೋಗಕ್ಕೆ ಬಿಡಲ್ಲ. ಇಲ್ಲೇ ಬೇಯಿಸ್ತೀನಿ."

ಸಂಕ್ರಾಂತಿಯ ದಿನ ಆ ಅಕ್ಕಿಯಿಂದ ಸಿಹಿ ಪೊಂಗಲ್ ಮಾಡಿದರು. ಹಳೆಯ ಕೊಬ್ಬರಿಗೆ ಕಮಟು ವಾಸನೆ ಬಂದಿದ್ದರಿಂದ ಹೊಸದು ತುರಿದೆ. ಅತ್ತೆಮನೆಯಲ್ಲಿ ಬೇಯಬೇಕಾದ ಮಡಿಲಕ್ಕಿ ತವರಲ್ಲಿ ಬೇಯುತ್ತಿರುವುದನ್ನು ಕಂಡು ನಮ್ಮಮ್ಮ ಹುಬ್ಬೇರಿಸಿದರು. ಆಗಲೇ ಮಿಸ್ ತಮ್ಮ ಕೈಚೀಲದಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಮರದ ಸಟ್ಟುಗ ತೆಗೆದರು. ಅಂಚು ಸವೆದು, ಹಿಡಿ ಕಪ್ಪಾಗಿತ್ತು. ಅದರಲ್ಲೇ ಮೊದಲು ಅಮ್ಮನಿಗೆ, ಆಮೇಲೆ ನಮಗೆಲ್ಲ ಬಡಿಸಿದರು.

ಅಮ್ಮ ಆ ಸಟ್ಟುಗವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ನಿಮ್ಮತ್ತೇದಾ? ಕೇಳಿ ತಂದ್ಯೇನಮ್ಮಾ?"

"ನಾನೆಲ್ಲಿ ತಂದೆ. ಹೊರಡೋವಾಗ ಅವರೇ ಚೀಲಕ್ಕೆ ತುರುಕಿದ್ರು. ಇದನ್ನ ವಾಪಸ್ ತಂದುಕೊಡೋಕಾದ್ರೂ ಬರ್ತೀಯಲ್ಲ ಅಂತ ಇವರ ಕೈಲಿ ಹೇಳಿಸಿದ್ರು."

"ಘಾಟಿ ಹೆಂಗಸು" ಎಂದು ಅಮ್ಮ ಮನಸಾರೆ ಮೆಚ್ಚಿಕೊಂಡರು. ಆಮೇಲೆ ಇನ್ನೊಂದು ಸಲ ಬಡಿಸಿಕೊಂಡರು.

ನಾನು ಪಾತ್ರೆ ತೊಳೆಯುವಾಗ, "ಈಗಲಾದ್ರೂ ಊರಿಗೆ ಮಾರ್ಕ್ಸ್ ಕೊಟ್ರಾ ಮಿಸ್?" ಎಂದು ಕೇಳಿದೆ. "ಪಾಸು" ಎಂದರು. ಎಷ್ಟು ಎಂದರೆ ಹೇಳಲಿಲ್ಲ. ಅತ್ತೆಗೆ ಎಷ್ಟು ಎಂದು ಕೇಳಿದೆ. ಸಟ್ಟುಗವನ್ನು ಬಟ್ಟೆಯಲ್ಲಿ ಸುತ್ತಿಟ್ಟರು. "ಅವರಿಗೆ ನಾನು ಮಾರ್ಕ್ಸ್ ಕೊಡೋದಾ? ಅವರೇ ನನ್ನ ಪೇಪರ್ ನೋಡ್ತಿದಾರೆ ಕಣೇ."

ಅವರೆಕಾಯಿಯ ಕಾಲ ಮುಗಿಯುವವರೆಗೂ ಇದ್ದು, ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಸಿಕ್ಕಾಪಟ್ಟೆ ಕಮ್ಮಿ ಮಾರ್ಕ್ಸ್ ಕೊಟ್ಟು, ಹೊರಟರು. ಅಮ್ಮ ಮತ್ತೆ ಮೊರ ತಂದರು. ಈ ಸಲ ಅಕ್ಕಿಯನ್ನೆಲ್ಲ ಮಿಸ್ ಅಮ್ಮನ ಮೊರಕ್ಕೇ ಸುರಿದು, "ಇದಷ್ಟೂ ತವರಿಗೆ. ಕೊಬ್ಬರಿ ಬೆಲ್ಲಕ್ಕೆ ಅಲ್ಲಿ ತೊಂದ್ರೆ ಇಲ್ಲ, ವಿಚಾರಿಸಿದೀನಿ" ಎಂದರು. ಟ್ಯಾಕ್ಸಿ ಬಂದಾಗ, ಇದೇ ಬಂದೆ ಎಂದು ಹಿಂದಿನ ಸಲದ ಹಾಗೇ ಒಬ್ಬರೇ ಒಳಗೆ ಹೋದರು. ನಾನು ಬಾಗಿಲನ್ನೇ ನೋಡುತ್ತಾ ನಿಂತೆ. ಹೊರಗೆ ಬಂದು ಕೀ ಕೊಟ್ಟು, "ಬಾಡಿಗೆಗೆ ಕೊಟ್ಬಿಡು. ಮಕ್ಕಳಿರೋರಿಗೆ ಕೊಡು, ಗಲಾಟೆ ಇರ್ಲಿ" ಎಂದರು.

ಟ್ಯಾಕ್ಸಿ ತಿರುವು ದಾಟುವವರೆಗೂ ಕೈಬೀಸಿದೆ. ಆಮೇಲೆ ತಡೆಯಲಾಗದೆ ಬಾಗಿಲು ತೆಗೆದು ನೇರ ಅಡುಗೆಮನೆಗೆ ಹೋದೆ. ಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು, ಇನ್ನೂ ಪೂರ್ತಿ ಆರಿರಲಿಲ್ಲ. ಅದರ ಮೇಲೆ ಏನೂ ಇರಲಿಲ್ಲ.